ಅರ್ಧ ಕ್ಷೌರದ ದಿಬ್ಬ

ಮಳೆ ಬಂದರೆ ಬೇರೆಯವರಿಗೆ ಬಿಸಿ ಬೋಂಡ ನೆನಪಾಗುತ್ತದೆ. ನನಗೆ ರಸ್ತೆಬದಿಯ ದಿಬ್ಬಗಳು. ಚಿಂತೆ ನನ್ನ ಹುಟ್ಟುಗುಣ. ಎಂಬತ್ತರ ದಶಕದಲ್ಲಿ ಗೌರಿಬಿದನೂರಿನ ಸುತ್ತ ರಸ್ತೆ ನೋಡಿಕೊಳ್ಳುವ ನೌಕರಿ ಸಿಕ್ಕ ಮೇಲೆ ಅದಕ್ಕೆ ಸಂಬಳವೂ ಬರತೊಡಗಿತು. ಆದರೂ ಹೆಮ್ಮೆಪಡಲು ನನಗೂ ಒಂದು ದಿಬ್ಬವಿದೆ. ಅದರ ಕಥೆಯನ್ನು ಹೊರಗಿನವರಿಗೆ ಪೂರ್ತಿ ಹೇಳುತ್ತಿರುವುದು ಇದೇ ಮೊದಲು.

ಆಗ ನಮ್ಮಲ್ಲೊಂದು ಪದ್ಧತಿಯಿತ್ತು. ದೊಡ್ಡ ಸಾಹೇಬರು ತನಿಖೆಗೆ ಬರುತ್ತಾರೆಂದರೆ ರಸ್ತೆಯಂಚಿನ ಕಲ್ಲುಗಳಿಗೆ ಸುಣ್ಣ, ದಿಬ್ಬಗಳಿಗೆ ಕ್ಷೌರ. ಹುಲ್ಲು, ಗಿಡ ಎಲ್ಲ ಕೆತ್ತಿ ಮದುವಣಿಗನ ಗಲ್ಲದಂತೆ ನುಣುಪು ಮಾಡಬೇಕು. ವಿದುರಾಶ್ವತ್ಥದ ದಾರಿಯಲ್ಲಿ, ದಿಣ್ಣೆ ಕಡಿದು ರಸ್ತೆ ಮಾಡಿದ ಕಡೆ, ಬಲಬದಿಯ ದಿಬ್ಬವನ್ನು ಹಿಂದಿನ ವರ್ಷ ಹೀಗೇ ಕೆತ್ತಿಸಿದ್ದೆ. ಅದು ಕಲ್ಲು ಬೆರೆತ ಗರಸು, ಮಳೆಗೆ ಜಗ್ಗಲಿಲ್ಲ. ಆ ಧೈರ್ಯದ ಮೇಲೆ ಈ ಸಲ, ಸಾಹೇಬರು ಬರುವ ಹಿಂದಿನ ದಿನ, ಎಡಬದಿಗೂ ಆಳು ಹಚ್ಚಿದೆ. ಅದು ಸೌಳು ಮಣ್ಣು. ನೀರು ಕಂಡರೆ ಸಕ್ಕರೆಯಂತೆ ಕರಗುವಂಥದ್ದು. ಪುಸ್ತಕದಲ್ಲಿ ಅದರ ಪರಿಚಯವಿತ್ತು. ದಿಬ್ಬದಲ್ಲಿ ಎದುರಾದಾಗ ಗುರುತು ಸಿಗಲಿಲ್ಲ.

ಅರ್ಧ ಕೆತ್ತುವಷ್ಟರಲ್ಲಿ ಗ್ಯಾಂಗಿನ ಹಿರಿಯಾಳು ಮುನಿಯಮ್ಮ ಗುದ್ದಲಿ ಕೆಳಗಿಟ್ಟಳು.

“ಸ್ವಾಮಿ, ಈ ಮಣ್ಣಿನ ಜುಟ್ಟು ಹಿಡ್ಕೊಂಡಿರೋದೇ ಗರಿಕೆ, ತಂಗಡಿ ಬೇರು. ಇನ್ನೂ ಕೆತ್ತಿದ್ರೆ ದಿಬ್ಬಾನೇ ಇಳಿದು ಬಂದು ಸಾಹೇಬ್ರಿಗೆ ಸಲಾಂ ಹೊಡೀತದೆ.”

“ಬೋಳು ಮಾಡದಿದ್ರೆ ನನ್ನ ತಲೆ ಬೋಳಾಗುತ್ತೆ ಕಣಮ್ಮ!”

“ಅದು ಆಗ್ಲೇ ಆಗೈತಲ್ಲ ಸ್ವಾಮಿ.”

ಜಗಳ ಮುಗಿಯುವ ಮೊದಲೇ ಮಳೆ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ಬೋಳು ಮಾಡಿದ ಅರ್ಧ ಕುಸಿದು ರಸ್ತೆಯ ಮೇಲೆ ಮಲಗಿದೆ. ಹುಲ್ಲಿನ ಅರ್ಧ ತಂಗಡಿ ಹೂ ಮುಡಿದು, ಏನೂ ನಡೆದೇ ಇಲ್ಲವೆಂಬಂತೆ ನಿಂತಿದೆ. ಮಣ್ಣಿನಾಚೆ ಸಾಹೇಬರ ಜೀಪು! ನೌಕರಿ ಹೋಯಿತೆಂದೇ ತಿಳಿದೆ.

“ಏನ್ರೀ ಇದು, ಅರ್ಧ ಹೀಗೆ, ಅರ್ಧ ಹಾಗೆ?”

“ಪ್ರಯೋಗ ಸಾರ್,” ಎಂದಿತು ನನ್ನ ಬಾಯಿ, ನನ್ನನ್ನು ಕೇಳದೆ.

ಸಾಹೇಬರು ಎರಡೂ ಅರ್ಧಗಳನ್ನು ಬಹಳ ಹೊತ್ತು ನೋಡಿದರು. “ಭೇಷ್! ಇನ್ಮೇಲೆ ಇಂಥ ದಿಬ್ಬದ ಹುಲ್ಲು ಯಾರೂ ಮುಟ್ಟಕೂಡದು.”

ಮಣ್ಣೆತ್ತಲು ಬಂದಿದ್ದ ಮುನಿಯಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು, ನನಗಷ್ಟೇ ಕೇಳುವಂತೆ, “ಹೌದು ಸ್ವಾಮಿ, ಜಗಳಾನೂ ಪ್ರಯೋಗದಾಗೇ ಸೇರಿತ್ತು,” ಎಂದಳು.

ಬಿದ್ದ ಕಡೆ ಅವಳ ಕೈಯಿಂದಲೇ ಗರಿಕೆ ನೆಡಿಸಿದೆ. ಅಂದಿನಿಂದ ಆ ದಿಬ್ಬ ಒಂದು ಹಿಡಿ ಮಣ್ಣನ್ನೂ ಕೆಳಗೆ ಬಿಟ್ಟಿಲ್ಲ. ಈಗಲೂ ಆ ದಾರಿಯ ಬಸ್ಸಿನಲ್ಲಿ ಎಡಗಡೆಯ ಕಿಟಕಿಯನ್ನೇ ಹಿಡಿಯುತ್ತೇನೆ. ದಿಬ್ಬ ಬಂದೊಡನೆ ಎದೆಯುಬ್ಬಿಸಿ, ಪಕ್ಕದಲ್ಲಿ ಕೂತ ಹೆಂಡತಿಗೆ, “ನೋಡೇ, ನನ್ನ ದಿಬ್ಬ!” ಎನ್ನುತ್ತೇನೆ.

ಅವಳಿಗೆ ಅಂದೇ ಎಲ್ಲವನ್ನೂ ಒಪ್ಪಿಸಿಬಿಟ್ಟದ್ದು ನನ್ನ ತಪ್ಪು. ಅವಳು ಪ್ರತಿ ಸಲವೂ ಕಿಟಕಿಯತ್ತ ಬಾಗಿ ಕೇಳುತ್ತಾಳೆ:

“ಯಾವುದ್ರೀ, ಬಿದ್ದಿತ್ತಲ್ಲ, ಆ ಅರ್ಧಾನಾ?”