ಸಂದರ್ಶನಕ್ಕೆ ಒಯ್ದ ಮನೆ

ಮೊದಲೇ ಹೇಳಿಬಿಡುತ್ತೇನೆ: ಈ ಪ್ರಕರಣದಲ್ಲಿ ನನ್ನ ತಪ್ಪಿಲ್ಲ. ಇದ್ದರೂ ಒಂದೇ ಒಂದು. ಅದನ್ನು ಸಮಯ ಬಂದಾಗ ನಾನೇ ಒಪ್ಪಿಕೊಳ್ಳುತ್ತೇನೆ. ಅಲ್ಲಿಯವರೆಗೆ ಯಾರೂ ನಡುವೆ ಬಾಯಿ ಹಾಕಬಾರದು.

ನಾನು ಈರಪ್ಪ, ವಕೀಲ. ಅಪ್ಪ ಸಿಂದಗಿ ಕಡೆಯಿಂದ ಗೌಂಡಿ ಕೆಲಸಕ್ಕೆ ಗೋವಾಕ್ಕೆ ಬಂದವನು. ನನ್ನನ್ನು ವಿಜಯಪುರದ ಅತ್ತೆಯ ಮನೆಯಲ್ಲಿಟ್ಟು ಲಾ ಓದಿಸಿದ. ಓದಿ ಬಂದವನು ಮಡಗಾಂವಿನ ಕೋರ್ಟಿನ ಎದುರು, ಮರದ ಕೆಳಗೆ ಒಂದು ಮೇಜು ಹಾಕಿಕೊಂಡು ಕೂತೆ. ಹತ್ತು ವರ್ಷವಾಯಿತು. ಹೆಸರು ಬದಲಾದವರಿಗೆ, ಮಾರ್ಕ್ಸ್ ಕಾರ್ಡ್ ಕಳಕೊಂಡವರಿಗೆ ಅಫಿಡವಿಟ್ ಬರೆದುಕೊಡುವುದು ನನ್ನ ವೃತ್ತಿ. ಮಡಗಾಂವಿನಲ್ಲಿ ಕಳೆದುಹೋದ ರೇಷನ್ ಕಾರ್ಡುಗಳಲ್ಲಿ ಅರ್ಧದಷ್ಟು ನನ್ನ ಕೈಯಿಂದಲೇ ಅಧಿಕೃತವಾಗಿ ಕಳೆದುಹೋಗಿವೆ!

ಮಳೆಗಾಲದಲ್ಲಿ ಮರ ಸೋರುತ್ತದೆ. ಬೇಸಿಗೆಯಲ್ಲಿ ಕಾಗೆ ಕೂರುತ್ತದೆ. ನನಗೆ ಬೇಕಾಗಿದ್ದದ್ದು ಒಂದು ಕುರ್ಚಿ. ನಾಲ್ಕು ಗೋಡೆಯ ಒಳಗಿನ ಕುರ್ಚಿ. ಅದಕ್ಕೇ ಊರಿನ ಒಂದು ದೊಡ್ಡ ವಕೀಲರ ಕಚೇರಿಯವರು ಆಸ್ತಿ ವಕೀಲರು ಬೇಕೆಂದು ಜಾಹೀರಾತು ಕೊಟ್ಟಾಗ ಕೂಡಲೇ ಅರ್ಜಿ ಗುಜರಾಯಿಸಿದೆ. ಸಂದರ್ಶನಕ್ಕೆ ಕರೆಯೂ ಬಂತು. ಒಂದೇ ಷರತ್ತು: ಯಾವುದಾದರೂ ಒಂದು ಆಸ್ತಿಯ ಟೈಟಲ್ ರಿಪೋರ್ಟನ್ನು ಸ್ವತಃ ತಯಾರಿಸಿ ತರಬೇಕು. ಅಂದರೆ ಆ ಆಸ್ತಿ ಯಾರದು, ಯಾರಿಂದ ಯಾರಿಗೆ ಬಂತು, ಈಗ ಕೊಳ್ಳುವವನಿಗೆ ಏನೇನು ತೊಡಕಿದೆ ಎಂದು ಬುಡದಿಂದ ಬಗೆದು ಬರೆಯುವ ವರದಿ.

"ಇಷ್ಟೇ ತಾನೆ!" ಎಂದೆ.

"ಯಾರ ಆಸ್ತಿದು ಬರೀತೀರಿ?" ಎಂದಳು ಹೆಂಡತಿ ಸಾವಿತ್ರಿ. "ನಮ್ಮ ಹೆಸರಲೆ ಒಂದು ತುಳಸಿಕಟ್ಟಿನೂ ಇಲ್ಲ."

"ಕಾಯತಾನ್ ಬಾಬ್ ಅವರ ಮನಿ ಐತಲ್ಲ!"

ಕಾಯತಾನ್ ಬಾಬ್ ನಮ್ಮ ಮನೆಯ ಮಾಲೀಕರು. ಅವರ ಅಜ್ಜ ಕಟ್ಟಿಸಿದ ಹಳೆಯ ಹಂಚಿನ ಮನೆಯಲ್ಲಿ ಮುಂದೆ ಅವರಿದ್ದಾರೆ, ಹಿಂದಿನ ಎರಡು ಕೋಣೆಯಲ್ಲಿ ನಾವು. ಮೂವತ್ತು ವರ್ಷ ನಮ್ಮ ಕಡೆಯವರನ್ನೇ ಬಾಡಿಗೆಗೆ ಇಟ್ಟುಕೊಂಡು ಬಾಬ್ ಕನ್ನಡ ಕಲಿತಿದ್ದಾರೆ. ಕನ್ನಡ ಸಾಲದ ಕಡೆ ಕೊಂಕಣಿ, ಹಿಂದಿ ಸೇರಿಸಿಕೊಳ್ಳುತ್ತಾರೆ. ವಿಷಯ ಕೇಳಿ ಅವರಿಗೆ ಆನಂದವೋ ಆನಂದ.

"ಬರಿ ಇರಪಾ, ಬರಿ! ನನ್ ಘರ್ ಏಕ್ ನಂಬರ್. ಚಲೋ ಬರಿ!" ಎಂದು ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಕಾಗದವನ್ನೆಲ್ಲ ನನ್ನ ಕೈಗೆ ಸುರಿದರು.

ಹದಿನೈದು ದಿನ ಹಗಲೆಲ್ಲ ಕೂತು ಓದಿದೆ. ಪೋರ್ತುಗೀಸರು ಹೋದರೂ ಅವರ ಕಾಲದ ಕುಟುಂಬದ ಕಾಯ್ದೆ ಗೋವಾ ಬಿಟ್ಟು ಹೋಗಿಲ್ಲ. ಅದನ್ನು ಅರೆದು ಕುಡಿದೆ. ನಮ್ಮ ಪಹಣಿಯ ಹಾಗೆ ಇಲ್ಲಿ ಒಂದು-ಹದಿನಾಲ್ಕು ಎಂಬ ಫಾರಮ್ಮು ಇದೆ, ಅದನ್ನೂ ಕಂಠಪಾಠ ಮಾಡಿದೆ. ಸಾವಿತ್ರಿ ರೊಟ್ಟಿ ಬಡಿಯುವಾಗ ಎದುರಿಗೆ ಕೂತು ಪ್ರಶ್ನೆ ಕೇಳಲು ಹೇಳಿದೆ.

"ಒಬ್ಬ ಮನಶ್ಯಾ ತನ್ನ ಮನಿ ಮಾರಬೇಕಂದ್ರ ಏನ್ ಮಾಡಬೇಕು?"

"ಗೋವಾದಾಗ ಆದ್ರ ಹೆಂಡ್ತಿ ಸಹಿ ಬೇಕ ಬೇಕು. ಹೆಣಮಗಳ ಪಾಲಾದ್ರ ಗಂಡನ ಸಹಿ ಬೇಕು. ಲಗ್ನ ಆತಂದ್ರ ಆಸ್ತಿ ಅರ್ಧ ಗಂಡಗ, ಅರ್ಧ ಹೆಂಡ್ತಿಗೆ."

"ಭಾಳ ಚಲೋ ಕಾಯ್ದೆ ಐತಲ್ರಿ! ನಮಗ್ಯಾಕ ಹತ್ತಂಗಿಲ್ಲ ಅದು?"

"ನಮ್ಮದು ವಿಜಾಪುರದ ಲಗ್ನ. ಮ್ಯಾಲ ಅರ್ಧ ಮಾಡಾಕ ಆಸ್ತಿನೂ ಇಲ್ಲ."

"ಆಸ್ತಿ ಇಲ್ಲಂದ್ರ ಕೆಲಸರ ಅರ್ಧ ಮಾಡ್ರಿ. ಆ ಹಿಟ್ಟಿನ ಡಬ್ಬಿ ಈ ಕಡೆ ಕೊಡ್ರಿ."

ಕೊಟ್ಟೆ. ಕೊಡುವಾಗಲೇ ತಲೆಯಲ್ಲಿ ಮಿಂಚು ಹೊಡೆಯಿತು! ಗಂಡನ ಸಹಿ! ಬಾಬ್ ಅವರ ಅಜ್ಜನಿಗೆ ಇಬ್ಬರು ಮಕ್ಕಳು, ಬಾಬ್ ಅವರ ತಂದೆ ಮತ್ತು ಎಸ್ಪೆರಾನ್ಸ ಎಂಬ ಮಗಳು. ಆಕೆ ಮದುವೆಯಾದ ಮೇಲೆ ತನ್ನ ಅರ್ಧ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟ ಕಾಗದ ಡಬ್ಬಿಯಲ್ಲಿತ್ತು. ಓಡಿಹೋಗಿ ತೆಗೆದು ನೋಡಿದೆ. ಆಕೆಯ ಸಹಿ ಇತ್ತು. ಗಂಡನ ಸಹಿ ಇರಲಿಲ್ಲ. ದೋಷ ಸಿಕ್ಕಿತು! ಎರಡು ಕೋಣೆಯಲ್ಲಿ ಎಷ್ಟು ಕುಣಿಯಲು ಸಾಧ್ಯವೋ ಅಷ್ಟು ಕುಣಿದೆ.

"ಸಿಕ್ಕಿದ್ದು ಬರದು ಸುಮ್ಮನಿರ್ರಿ," ಎಂದಳು ಸಾವಿತ್ರಿ. "ಊರಿಗೆಲ್ಲಾ ಡಂಗುರಾ ಹೊಡೀಬ್ಯಾಡ್ರಿ."

ಆದರೆ ವರದಿ ಎಂದರೆ ವರದಿ! ಗಂಡನ ಸಹಿ ಬೇರೆ ಯಾವುದಾದರೂ ಕಾಗದದ ಮೇಲಿರಬಹುದು. ಸಂಬಂಧಪಟ್ಟವರನ್ನು ವಿಚಾರಿಸದೆ ಷರಾ ಬರೆಯುವುದು ವೃತ್ತಿಧರ್ಮಕ್ಕೆ ಶೋಭೆಯಲ್ಲ. ಎಸ್ಪೆರಾನ್ಸ ಬಾಯಿ ಮ್ಹಾಪಸಾದಲ್ಲಿ ಇನ್ನೂ ಬದುಕಿದ್ದರು. ಶುಕ್ರವಾರ, ಅಲ್ಲಿಯ ಸಂತೆಯ ದಿನ, ಮೆಣಸಿನಕಾಯಿ ತರುತ್ತೇನೆಂದು ಹೆಂಡತಿಗೆ ಹೇಳಿ ಬಸ್ಸು ಹತ್ತಿದೆ.

ಎಂಬತ್ತರ ಹತ್ತಿರದ ಬಾಯಿ ಜಗಲಿಯ ಕಲ್ಲು ಬೆಂಚಿನ ಮೇಲೆ ಕೂತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ನನಗೆ ಬರುವ ಕೊಂಕಣಿಯಲ್ಲಿ ಬಹಳ ವಿನಯದಿಂದ ಕೇಳಿದೆ.

"ಸಹಿ ಮಾಡಿದ್ದೆ," ಎಂದರು. "ಮನೆಗೆ ಲೈಟ್ ಕನೆಕ್ಷನ್ ತಗೊಳ್ಳಬೇಕು ಅಂತ ಅಣ್ಣ ಹೇಳಿದ್ದ."

"ಅದು ಲೈಟಿನ ಕಾಗದ ಅಲ್ಲ ಬಾಯಿ. ಪಾಲು ಬಿಟ್ಟುಕೊಟ್ಟ ಕಾಗದ."

"ಯಾರ ಪಾಲು?"

"ನಿಮ್ಮದೇ! ಆದರೆ ಚಿಂತೆ ಬೇಡ. ಯಜಮಾನರ ಸಹಿ ಇಲ್ಲ, ಹಾಗಾಗಿ ಕಾಗದಕ್ಕೆ ಬಲವಿಲ್ಲ. ಅರ್ಧ ಮನೆ ಇನ್ನೂ ನಿಮ್ಮ ಕಡೆಯದೇ."

ಬಾಯಿ ಅರ್ಧ ಎಂಬುದನ್ನು ನನ್ನಿಂದ ಎರಡು ಸಲ ಹೇಳಿಸಿದರು. ಆಮೇಲೆ ಒಳಗೆ ಹೋಗಿ ತಟ್ಟೆಯಲ್ಲಿ ಬೇಬಿಂಕ್ ತಂದಿಟ್ಟರು. ಪದರು ಪದರಾದ ಆ ಸಿಹಿಯನ್ನು ಎರಡು ತುಂಡು ತಿಂದು, ಮೆಣಸಿನಕಾಯಿ ಮರೆತು, ಮಡಗಾಂವಿಗೆ ಬಂದೆ.

ರವಿವಾರ ಚರ್ಚು ಮುಗಿಸಿಕೊಂಡು ಬಾಯಿಯೂ ಬಂದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ದರ್ಜಿಯ ಟೇಪು! ಯಾರನ್ನೂ ಮಾತಾಡಿಸದೆ ಮುಂದಿನ ಮೆಟ್ಟಿಲಿನಿಂದ ಅಳೆಯುತ್ತ ಹೊರಟರು. ಪಡಸಾಲೆ ಅಳೆದರು, ದೇವರ ಕೋಣೆ ಅಳೆದರು. "ಕಿತೇಂ ಗೊ, ಕಿತೇಂ?" ಏನಿದು, ಏನು ಎನ್ನುತ್ತ ಕಾಯತಾನ್ ಬಾಬ್ ಲುಂಗಿ ಹಿಡಿದುಕೊಂಡು ಹಿಂದೆ ಓಡುತ್ತಿದ್ದರು. ಟೇಪು ನಮ್ಮ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಿತು.

"ಇಲ್ಲಿಂದ ಹಿಂದೆ ನನ್ನದು," ಎಂದು ಬಾಯಿ ಘೋಷಿಸಿದರು. ಸಾವಿತ್ರಿಯ ಒಲೆ ಇದ್ದ ಜಾಗ ತೋರಿಸಿ, "ಆ ಕಿಟಕಿಯ ಹತ್ತಿರ ನನ್ನ ಹೊಲಿಗೆ ಮಶೀನು ಬರುತ್ತದೆ. ಬೆಳಕು ಚೆನ್ನಾಗಿದೆ," ಎಂದರು.

ಸಾವಿತ್ರಿ ನನ್ನನ್ನು ನೋಡಿದಳು. ನಾನು ಕಿಟಕಿಯನ್ನು ನೋಡಿದೆ.

"ಮೆಣಸಿನಕಾಯಿ ಸಿಗಲಿಲ್ಲ ಅಂದಿರಿ," ಎಂದಳು. "ಇದು ಸಿಕ್ಕತೇನು?"

ಬಾಬ್ ನನ್ನ ಮೇಲೆ ಏರಿ ಬಂದರು. "ಸಾಯ್ಬಾ ಭೊಗೊಸ್! ದೇವಾ, ಮಾಫ್ ಮಾಡು! ಇರಪಾ, ಚಲೋ ಬರಿ ಅಂದೆ! ನೀನು ನನ್ ಘರ್ ಅರ್ಧ ಮಾಡಿದಿ!"

"ನಾ ಮಾಡಿಲ್ಲ ಬಾಬ್. ಕಾಯ್ದೆ ಮಾಡೇತಿ."

"ಕಾಯ್ದೆ ಡಬ್ಬಿಯಾಗ ಮಲಗಿತ್ತು! ನೀನು ಎಬ್ಬಿಸಿದಿ!"

ಬಾಯಿ ಹೋದ ಮೇಲೆ ಸಾವಿತ್ರಿ ಮೆಲ್ಲಗೆ ಹೇಳಿದಳು, ವರದಿಯೊಳಗಿನ ಆ ಒಂದು ಹಾಳೆ ತೆಗೆದುಬಿಡ್ರಿ, ಇದ್ದ ಮನಿ ಉಳೀತೈತಿ ಎಂದು. ನಾನು ಒಪ್ಪಲಿಲ್ಲ. ಇಲ್ಲಿಯೂ ನನ್ನ ತಪ್ಪಿಲ್ಲ! ಕಂಡದ್ದನ್ನು ಕಂಡ ಹಾಗೆ ಬರೆದಿದ್ದೆ. ಮಾಲೀಕ ಸಿಟ್ಟಾದ ಅಂತ ವರದಿ ತಿದ್ದುವವನು ನಾಳೆ ಕಚೇರಿಯ ಕುರ್ಚಿಯಲ್ಲಿ ಕೂತು ಏನು ಕಿತ್ತು ಗುಡ್ಡೆ ಹಾಕುತ್ತಾನೆ? ಒಂದಕ್ಷರ ಕಡಿಮೆ ಮಾಡುವುದಿಲ್ಲ ಎಂದು ಅಡುಗೆಮನೆಯಲ್ಲಿ ನಿಂತು ಭಾಷಣ ಮಾಡಿದೆ. ಸಾವಿತ್ರಿ ಒಲೆಯನ್ನು ಕಿಟಕಿಯಿಂದ ಸ್ವಲ್ಪ ಈಚೆ ಸರಿಸಿದಳು.

ಸೋಮವಾರ ಸಂದರ್ಶನ. ಟ್ರಂಕಿನಿಂದ ತೆಗೆದ ಕರಿ ಕೋಟಿನ ಮೇಲೆ ಮಳೆಗಾಲದ ಬೂಷ್ಟು ಬೆಳೆದು ಕೋಟು ಬೂದು ಬಣ್ಣವಾಗಿತ್ತು. ಒರೆಸಿ, ಒಲೆಯ ಮೇಲೆ ಹಿಡಿದು ಒಣಗಿಸಿದೆವು. ಬಣ್ಣ ಬಂತು. ಜತೆಗೆ ಜೋಳದ ರೊಟ್ಟಿಯ ವಾಸನೆಯೂ ಬಂತು.

ಎದುರಿಗೆ ಕೂತಿದ್ದವರು ಐವತ್ತು ದಾಟಿದ ಹಿರಿಯ ವಕೀಲೆ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಇಂಗ್ಲಿಷಿನ ಮಾನ ಉಳಿಯಲಿ.

ಮೇಡಂ ವರದಿಯನ್ನು ಹಾಳೆ ಹಾಳೆ ಓದಿದರು. "ಗಂಡನ ಸಹಿ ಇಲ್ಲದ್ದನ್ನು ಹಿಡಿದಿದ್ದೀರಿ. ಇದನ್ನು ನಮ್ಮಲ್ಲೇ ಕೆಲವರು ಬಿಟ್ಟುಬಿಡುತ್ತಿದ್ದರು."

ನಾನು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿದೆ. ಒಳ್ಳೆಯ ಕುರ್ಚಿ.

"ಸ್ಥಳಕ್ಕೆ ಹೋಗಿ ನೋಡಿದ್ದೀರಾ?"

"ದಿನಾ ನೋಡುತ್ತೇನೆ ಮೇಡಂ."

"ದಿನಾ?"

"ಅಲ್ಲೇ ಇರುತ್ತೇನೆ. ಹಿಂದಿನ ಎರಡು ಕೋಣೆ, ಬಾಡಿಗೆಗೆ. ಹತ್ತು ವರ್ಷ ಆಯಿತು."

ಮೇಡಂ ಕನ್ನಡಕ ತೆಗೆದರು. ಕೊನೆಯ ಹಾಳೆಯನ್ನು ನನ್ನ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ನಾನೇ ಟೈಪು ಮಾಡಿದ ಸಾಲು: 'ಸ್ಥಳದಲ್ಲಿ ಮಾಲೀಕರ ಹೊರತು ಬೇರೆ ಯಾರೂ ವಾಸವಿಲ್ಲ.'

ಆ ಒಂದು ತಪ್ಪು ಇದೇ. ಒಪ್ಪಿಕೊಂಡಿದ್ದೇನೆ.

"ಕೊಳ್ಳುವವನು ಇದನ್ನು ನಂಬಿ ಮನೆ ಕೊಂಡಿದ್ದರೆ," ಎಂದರು ಮೇಡಂ, "ಬೀಗ ತೆಗೆದ ದಿನ ಒಳಗೆ ನೀವು ಕೂತಿರುತ್ತಿದ್ದಿರಿ. ಕೋಟಿನ ವಾಸನೆ ನೋಡಿದರೆ, ರೊಟ್ಟಿ ತಿನ್ನುತ್ತ."

ಬೇಕೆಂದು ಬರೆದದ್ದಲ್ಲ, ಮುಚ್ಚಿಟ್ಟದ್ದೂ ಅಲ್ಲ. ಪಂಚಾಯಿತಿಯವರು ಬಂದಾಗ, ಜನಗಣತಿಯವರು ಬಂದಾಗ, ಬಾಬ್ ತೆರಿಗೆಯ ಭಯಕ್ಕೆ ಮುಂದಿನ ಮೆಟ್ಟಿಲ ಮೇಲೆ ನಿಂತು "ಹಿಂದೆ ಯಾರೂ ಇಲ್ಲ" ಎನ್ನುವುದನ್ನು ಹತ್ತು ವರ್ಷ ಒಳಗಿನಿಂದ ಕೇಳಿದ್ದೆ. ಕೇಳಿ ಕೇಳಿ ನನಗೂ ಅದೇ ಖರೆಯಾಗಿತ್ತು. ಅಪ್ಪ ಕಟ್ಟಿದ ಮನೆಗಳು ಈ ಊರಲ್ಲಿ ಎಷ್ಟಿವೆಯೋ! ಕಟ್ಟುವಷ್ಟು ದಿನ ಅಲ್ಲೇ ತಗಡಿನ ಶೆಡ್ಡಿನಲ್ಲಿ ಮಲಗಿದವನ ಹೆಸರು ಯಾವ ಕಾಗದದಲ್ಲೂ ಇಲ್ಲ. ಬೇರೆಯವರು ನಮ್ಮನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂದು ಜೀವಮಾನವೆಲ್ಲ ಸಿಟ್ಟಾಗಿದ್ದೆ. ಈಗ ನನ್ನನ್ನು ಬಿಟ್ಟುಬಿಟ್ಟವನು ನಾನೇ. ನಾಚಿಕೆಯಾಯಿತು. ಆ ನಾಚಿಕೆಗೇ ಮತ್ತೆ ಸಿಟ್ಟು ಬಂತು.

"ಈ ಕೆಲಸ ನಿಮಗೆ ಕೊಡಲಾಗುವುದಿಲ್ಲ," ಎಂದರು ಮೇಡಂ. ಸಿಟ್ಟಿನಿಂದ ಹೇಳಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ಕೊಡಬೇಡಿ. ಪೆನ್ನು ಕೊಡಿ!" ಎಂದೆ.

ಪೆನ್ನು ಇಸಿದುಕೊಂಡು ಆ ಸಾಲನ್ನು ಅಲ್ಲೇ ಹೊಡೆದುಹಾಕಿದೆ. ಕೆಳಗೆ ದಪ್ಪ ಅಕ್ಷರದಲ್ಲಿ, ಹಿಂದಿನ ಎರಡು ಕೋಣೆಗಳಲ್ಲಿ ಈರಪ್ಪ ಮತ್ತು ಸಾವಿತ್ರಿ ಹತ್ತು ವರ್ಷದಿಂದ ವಾಸವಿದ್ದಾರೆ ಎಂದು ಬರೆದು ಸಹಿ ಮಾಡಿದೆ. ಕೆಲಸ ಸಿಗದ ಮನುಷ್ಯ ಅಷ್ಟು ಎದೆಯುಬ್ಬಿಸಿಕೊಂಡು ಆ ಕಚೇರಿಯಿಂದ ಹಿಂದೆಂದೂ ಹೊರಬಿದ್ದಿರಲಿಕ್ಕಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ತಿದ್ದಿದ ವರದಿಯ ಪ್ರತಿಯನ್ನು ಸಂಬಂಧಪಟ್ಟವರಿಗೆ ಕೊಡಬೇಕಲ್ಲ! ಸಂಜೆಯೇ ಬಾಬ್ ಕೈಗೆ ಕೊಟ್ಟೆ. ಅವರು ಓದಿಸಿಕೊಂಡರು.

"ಮೊದಲು ಆಂಟಿ. ಈಗ ನೀನು! ನಾಳೆ ಛಪ್ಪರದ ಕಾಗೆನೂ ಬರಿ!" ಎಂದು ಕೂಗಿದರು. "ಖಾಲಿ ಮಾಡು! ಆಜ್ ಕೆ ಆಜ್!"

"ಬಾಯಿಮಾತು ನಡ್ಯಂಗಿಲ್ಲ ಬಾಬ್. ಇರೋವ್ರನ್ನ ಎಬ್ಬಿಸಬೇಕಂದ್ರ ನೋಟಿಸ್ ಕೊಡಬೇಕು. ವಕೀಲರ ಕಡೆಯಿಂದ."

ಬಾಬ್ ತಲೆ ಕೆರೆದುಕೊಂಡರು. ಅವರಿಗೆ ಗೊತ್ತಿದ್ದ ವಕೀಲರೆಲ್ಲ ತೀರಿಕೊಂಡಿದ್ದರು.

"ನೀನು ವಕೀಲ್ ನೈ ಕ್ಯಾ?"

"ಹೌದು."

"ಹಂಗಾರೆ ನೀನು ಬರಿ."

"ಬ್ಯಾಡ ಅನ್ರಿ!" ಎಂದು ಸಾವಿತ್ರಿ ಒಳಗಿನಿಂದ ಕೂಗಿದಳು. ನನಗೂ ಗೊತ್ತಿತ್ತು, ವೃತ್ತಿಧರ್ಮಕ್ಕೆ ಇದು ಸಲ್ಲದು. ಆದರೆ ಹತ್ತು ವರ್ಷ ಮರದ ಕೆಳಗೆ ಕೂತಿದ್ದೆ. ಆಸ್ತಿಯ ವಿಷಯ ಬರೆದುಕೊಡು ಎಂದು ಈವರೆಗೆ ಒಬ್ಬ ಕಕ್ಷಿದಾರನೂ ಹೇಳಿರಲಿಲ್ಲ. ಇದು ಮೊದಲನೆಯದು! ಕೂತು ಮೂರು ಹಾಳೆ ನೋಟಿಸು ಬರೆದೆ. 'ಶ್ರೀ ಈರಪ್ಪ, ಹಿಂದಿನ ಎರಡು ಕೋಣೆಗಳ ವಾಸಿ' ಎಂದು ಮೇಲೆ ವಿಳಾಸ ಹಾಕಿದೆ. ಆ ಮನೆಯ ವಿಳಾಸದ ಜತೆ ನನ್ನ ಹೆಸರು ಕಾಗದಕ್ಕೆ ಬಿದ್ದದ್ದು ಎಷ್ಟು ಚಂದ ಕಂಡಿತೆಂದರೆ ಎರಡು ಸಲ ಓದಿಕೊಂಡೆ. ಬಾಬ್ ಸಹಿ ಹಾಕಿ ನನಗೇ ಕೊಟ್ಟರು. ನಾನು ತೆಗೆದುಕೊಂಡು, ಮುಟ್ಟಿತು ಎಂದು ಸಹಿ ಹಾಕಿಕೊಟ್ಟೆ.

ಖಾಲಿ ಮಾಡುವ ಪ್ರಶ್ನೆಯೇ ಇಲ್ಲ! ನೋಟಿಸಿಗೆ ಉತ್ತರ ಬರೆಯುತ್ತಿದ್ದೇನೆ. ಯಾರಿಗೂ ಬಗ್ಗುವ ಮನುಷ್ಯ ನಾನಲ್ಲ.

"ಏನಂತ ಬರದೀರಿ?" ಎಂದು ಸಾವಿತ್ರಿ ನಿನ್ನೆ ಕೇಳಿದಳು. ಗಂಟಲು ಸರಿಮಾಡಿಕೊಂಡು ಓದಿದೆ: "ಸದರಿ ನೋಟಿಸಿನಲ್ಲಿ ಒಟ್ಟು ಏಳು ತಪ್ಪುಗಳಿದ್ದು, ಅದನ್ನು ಬರೆದ ವಕೀಲರಿಗೆ ಆಸ್ತಿ ಕಾನೂನಿನ ಗಂಧಗಾಳಿಯೂ ಇಲ್ಲವೆಂಬುದು ಸ್ಪಷ್ಟವಾಗಿ ಕಂಡುಬರುತ್ತದೆ."

"ಇದೊಂದು ಮಾತು ಖರೇ ಬರದೀರಿ ನೋಡ್ರಿ," ಎಂದಳು.