ಮುಂಗಡ ರಿಪೇರಿ ಯಂತ್ರ

"ಏ ಇಂದೂ, ಇನ್ನು ಮೇಲೆ ನಿನ್ನ ವ್ಯಾನಿಗೆ ರಿಪೇರಿ ಚಿಂತೆಯೇ ಇಲ್ಲ!" ಎನ್ನುತ್ತಾ ಭಾವ ಬೆಳಿಗ್ಗೆಯೇ ಅಂಗಳದಲ್ಲಿ ಪ್ರತ್ಯಕ್ಷರಾದರು. ಕೈಯಲ್ಲೊಂದು ಕುಕ್ಕರ್ ಮುಚ್ಚಳ. ಅದರ ಮೇಲೆ ಹಳೇ ರೇಡಿಯೋದ ಹೊಟ್ಟೆಯೊಳಗಿನದ್ದೆಲ್ಲ ಅಂಟಿಸಿ, ಎರಡು ವೈರು ಇಳಿಬಿಟ್ಟಿದ್ದರು.

"ರೀ, ಅದು ನನ್ನ ಕುಕ್ಕರ್ ಮುಚ್ಚಳ!" ಎಂದು ಅಕ್ಕ ಮಹಡಿಯಿಂದ ಕೂಗಿದಳು. ನಮ್ಮ ಗುರುಪಾದಪ್ಪ ಭಾವನವರಿಗೆ ಅಂಥ ಮಾತು ಕೇಳಿಸುವುದಿಲ್ಲ.

ನನ್ನದು ಶಾಲೆ ಮಕ್ಕಳನ್ನು ಕರೆದೊಯ್ಯುವ ವ್ಯಾನು. ಓಡಿಸುವವಳೂ ನಾನೇ, ಒರೆಸುವವಳೂ ನಾನೇ. ಗಾಡಿ ರಸ್ತೆಗೆ ಯೋಗ್ಯವಾಗಿದೆ ಎಂದು ಆರ್‌ಟಿಓ ಕಚೇರಿಯವರು ಕೊಡುವ ಎಫ್‌ಸಿಗೆ ಅವತ್ತೇ ಕೊನೆಯ ದಿನ. ಅದು ಸಿಗದಿದ್ದರೆ ಸೋಮವಾರದಿಂದ ಮಕ್ಕಳನ್ನು ಬೇರೆಯವರ ವ್ಯಾನಿಗೆ ಹತ್ತಿಸುವುದಾಗಿ ಹೆಡ್‌ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಬ್ರೇಕ್ ಸರಿಯಿಲ್ಲ ಎಂದು ಯುಗಾದಿಯಿಂದಲೂ ನನಗೆ ಗೊತ್ತು. ಆದರೆ ನಮ್ಮೂರಲ್ಲಿ ಗೊತ್ತಾದ ಕೂಡಲೇ ಯಾರೂ ರಿಪೇರಿ ಮಾಡಿಸುವುದಿಲ್ಲ. ಎಫ್‌ಸಿಯ ಹಿಂದಿನ ದಿನ ಮಾಡಿಸಿದರೆ ತಾನೇ ಇನ್‌ಸ್ಪೆಕ್ಟರ್ ಕಣ್ಣಿಗೆ ಹೊಸದಾಗಿ ಕಾಣುವುದು! ಹಾಗಂತ ಕಾದೆ. ಹಿಂದಿನ ದಿನವೇ ಮೆಕ್ಯಾನಿಕ್ ನಯಾಜ್ ತಂಗಿಯ ಮದುವೆಗೆಂದು ಗ್ಯಾರೇಜಿಗೆ ಬೀಗ ಹಾಕಿಕೊಂಡು ಹೋಗಿದ್ದ.

"ಇದು ಮುಂಗಡ ರಿಪೇರಿ ಯಂತ್ರ!" ಎಂದರು ಭಾವ. "ನೀನು ಮುಂದೆ ಯಾವತ್ತೋ ಮಾಡಿಸೋ ರಿಪೇರಿನ ಇವತ್ತೇ ಎಳ್ಕೊಂಡು ಬರುತ್ತೆ."

"ಮಾಡಿಸೋಕ್ ಮುಂಚೇನೇ?"

"ಹ್ಞೂಂ! ಆದ್ರೆ ಮುಂದೆ ಮಾಡಿಸ್ತೀಯ ತಾನೇ?"

"ದಸರಾ ರಜೇಲಿ ಮಾಡಿಸ್ತೀನಿ ಭಾವ, ದೇವ್ರಾಣೆ!"

ಭಾವ ವೈರುಗಳನ್ನು ಬ್ರೇಕಿಗೆ ಸಿಕ್ಕಿಸಿ ಗುಂಡಿ ಒತ್ತಿದರು. ಮುಚ್ಚಳ ಒಂದು ವಿಷಲ್ ಹಾಕಿತು. ನಾನು ಗೇಟಿನ ತನಕ ವ್ಯಾನು ಓಡಿಸಿ ಪೆಡಲ್ ತುಳಿದೆ. ಗಕ್ಕನೆ ನಿಂತಿತು! ಶೋರೂಮಿನಿಂದ ಬಂದ ದಿನವೂ ಅದು ಹಾಗೆ ನಿಂತಿರಲಿಲ್ಲ.

ಯಂತ್ರವನ್ನು ಹಾಗೇ ಸಿಕ್ಕಿಸಿಟ್ಟು, ಭಾವನವರನ್ನು ಹಿಂದೆ ಕೂರಿಸಿಕೊಂಡು, ಆರ್‌ಟಿಓ ಮೈದಾನದವರೆಗೂ ಹಾಡು ಗುನುಗುತ್ತಾ ಹೋದೆ. ಇಷ್ಟು ಚೆನ್ನಾಗಿ ಹಿಡಿಯುವ ಬ್ರೇಕನ್ನು ದಸರಾದಲ್ಲಿ ಸುಮ್ಮನೆ ಯಾಕೆ ಬಿಚ್ಚಿಸಬೇಕು ಎಂದು ಮನಸ್ಸಿಗೆ ಬಂತು. ಬಂದಿದ್ದೇ ತಡ, ಪೆಡಲ್ ಬೆಣ್ಣೆಯಂತೆ ಒಳಗಿಳಿಯಿತು! ವ್ಯಾನು ಮೈದಾನದೊಳಕ್ಕೆ ನುಗ್ಗಿ ಮರಳಿನ ರಾಶಿಗೆ ಮೂಗು ಹುದುಗಿಸಿ ನಿಂತಿತು.

"ಏನಂದ್ಕೊಂಡೆ? ನಿಜ ಹೇಳು!" ಭಾವ ಗದರಿದರು.

"ದಸರಾದಲ್ಲಿ ಮಾಡಿಸೋದ್ ಬೇಡ ಅಂತ... ಸುಮ್ನೆ ಒಂದ್ಸಲ ಅಂದ್ಕೊಂಡೆ."

"ನೀನು ಮಾಡಿಸ್ದೇ ಇದ್ರೆ ಅದು ಎಲ್ಲಿಂದ ತರಬೇಕಮ್ಮಾ? ಮನಸ್ಸು ಗಟ್ಟಿ ಮಾಡ್ಕೋ!"

ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಳಿದಷ್ಟು ಸುಲಭವೇ? ಅಷ್ಟರಲ್ಲಿ ಇನ್‌ಸ್ಪೆಕ್ಟರ್ ತಿಪ್ಪೇಸ್ವಾಮಿ ಬಂದು ಪಕ್ಕದ ಸೀಟಿನಲ್ಲಿ ಕೂತರು. "ಓಡ್ಸಿ. ಬ್ರೇಕ್ ಹಾಕಿ." ದಸರಾ, ದಸರಾ ಎಂದು ಜಪಿಸುತ್ತಾ ಹಾಕಿದೆ. ನಿಂತಿತು. "ಇನ್ನೊಂದ್ಸಲ." ದಸರಾ ಎನ್ನುತ್ತಿದ್ದಂತೆ ಮೈಸೂರಿನ ದೀಪಗಳು ಕಣ್ಮುಂದೆ ಬಂದವು. ರಜೆಯಲ್ಲಿ ಅಲ್ಲಿಗೆ ಹೋಗದೆ ಗ್ಯಾರೇಜಿನಲ್ಲಿ ಕೂರುವುದೇ? ಅಷ್ಟೇ, ವ್ಯಾನು ನಿಲ್ಲಲಿಲ್ಲ. ಮೈದಾನಕ್ಕೆ ಇಡೀ ಒಂದು ಸುತ್ತು ಹಾಕಿಸಿತು!

"ಆಗ ಹಿಡೀತಲ್ರೀ?" ಇನ್‌ಸ್ಪೆಕ್ಟರ್ ಬೆವರು ಒರೆಸಿಕೊಂಡರು.

"ಹಿಡೀತು ಸಾರ್."

"ಈಗ ಹಿಡೀಲಿಲ್ಲ."

"ಹಿಡೀಲಿಲ್ಲ ಸಾರ್."

"ಹಾಗಾದ್ರೆ ಈ ಗಾಡಿಗೆ ಬ್ರೇಕ್ ಇದೆಯೋ ಇಲ್ವೋ?"

"ಇದೆ ಸಾರ್, ದಸರಾದಲ್ಲಿದೆ!" ಎಂದು ಹಿಂದಿನ ಸೀಟಿನಿಂದ ಭಾವ ಯಂತ್ರದ ಪುರಾಣವನ್ನೆಲ್ಲ ಬಿಚ್ಚಿದರು. ಇನ್‌ಸ್ಪೆಕ್ಟರ್ ಫಾರಮ್ಮಿನಲ್ಲಿ 'ಇದೆ' ಎಂದು ಬರೆದು ಹೊಡೆದುಹಾಕಿದರು, 'ಇಲ್ಲ' ಎಂದು ಬರೆದು ಅದನ್ನೂ ಹೊಡೆದುಹಾಕಿದರು.

ಅಷ್ಟರಲ್ಲಿ ಗೇಟಿನ ಬಳಿ ನಯಾಜ್ ಕಾಣಿಸಿದ! ನನ್ನ ಎಫ್‌ಸಿ ನೆನಪಾಗಿ ಮದುವೆಮನೆಯಿಂದ ನೇರ ಬಂದಿದ್ದ, ಮೈಯೆಲ್ಲ ಅತ್ತರಿನ ಘಮ. "ನಯಾಜ್, ಈಗ್ಲೇ ಬ್ರೇಕ್ ಬಿಚ್ಚಪ್ಪಾ!" ಎಂದು ಗೋಗರೆದೆ. ಅವನು ಸ್ಪ್ಯಾನರ್ ಹಿಡಿದು ಗಾಡಿಯಡಿಗೆ ನುಸುಳಿದ.

"ಅಕ್ಕಾ, ಬ್ರೇಕ್ ಹೊಸದಾಗಿದೆಯಲ್ಲ!" ಎಂದು ಸ್ಪ್ಯಾನರ್ ಕೆಳಗಿಟ್ಟ. ನಾನು ಪೆಡಲ್ ತುಳಿದರೆ ಬ್ರೇಕಿಲ್ಲ! ಅವನು ಸ್ಪ್ಯಾನರ್ ಎತ್ತಿಕೊಂಡರೆ ಮತ್ತೆ ಹೊಸದು. ಅವನು ರಿಪೇರಿಗೆ ಹೊರಟರೆ ಯಂತ್ರ ಆ ರಿಪೇರಿಯನ್ನು ಮೊದಲೇ ತಂದುಬಿಡುತ್ತದೆ. ತಂದಮೇಲೆ ರಿಪೇರಿಗೆ ಏನೂ ಉಳಿಯುವುದಿಲ್ಲ. ಅವನು ಕೈಬಿಟ್ಟರೆ ಯಂತ್ರಕ್ಕೆ ತರಲು ರಿಪೇರಿಯೇ ಇರುವುದಿಲ್ಲ. ನನಗೆ ತಲೆ ಗಿರ್ರೆಂದಿತು.

"ಇದಕ್ಕೆ ಮೆಕ್ಯಾನಿಕ್ ಅಲ್ಲ ಅಕ್ಕಾ, ಮಂತ್ರವಾದಿ ಬೇಕು," ಎಂದ ನಯಾಜ್.

"ಏನೂ ಬೇಡ!" ಭಾವ ಕುಣಿದರು. "ದಿನಾ ನಯಾಜ್ ಸ್ಪ್ಯಾನರ್ ಹಿಡಿದು ಮುಂದಿನ ಸೀಟಲ್ಲಿ ಕೂರ್ಲಿ. 'ಈಗ ಬಿಚ್ತೀನಿ, ಈಗ ಬಿಚ್ತೀನಿ' ಅಂತಿದ್ರೆ ಸಾಕು, ಬ್ರೇಕ್ ಹಿಡೀತಾನೇ ಇರುತ್ತೆ!"

ಹಾಗೇ ಮಾಡಿ ನೋಡಿದೆವು. ಅದ್ಭುತವಾಗಿ ಹಿಡಿಯಿತು! ಇನ್‌ಸ್ಪೆಕ್ಟರಿಗೂ ಸಾಕಾಗಿತ್ತು. "ಹಿಡೀತಿದೆಯಪ್ಪ. ಸೈನ್ ಹಾಕ್ಲೇನಮ್ಮಾ?"

ಹಾಕಿ ಎನ್ನಲು ಬಾಯಿ ತೆರೆದೆ. ಆದರೆ ಆ ಮುಂದಿನ ಸೀಟು ಎಲ್‌ಕೆಜಿ ಚಿನ್ಮಯಿಯದು. ದಿನಾ ಅಲ್ಲಿ ಕೂತು ನಾನು ಹೇಗೆ ಓಡಿಸಬೇಕೆಂದು ನನಗೇ ಪಾಠ ಹೇಳುತ್ತಾಳೆ. ರೈಲ್ವೆ ಗೇಟಿನ ಇಳಿಜಾರಿನಲ್ಲಿ ನಯಾಜ್‌ಗೆ ಒಂದು ತೂಕಡಿಕೆ ಬಂದರೆ?

"ಬೇಡ ಸಾರ್!" ಎಂದು ವೈರು ಕಿತ್ತು ಯಂತ್ರವನ್ನು ಮರಳಿನ ರಾಶಿಗೆ ಎಸೆದೆ. ಭಾವ ಅಯ್ಯಯ್ಯೋ ಎಂದರು. ನಯಾಜ್ ಅಂಗಿಯ ತೋಳು ಮಡಚಿ ಗಾಡಿಯಡಿಗೆ ಹೋದವನು ಮಧ್ಯಾಹ್ನಕ್ಕೆ ಹೊರಬಂದ. ಅವನ ಅತ್ತರೆಲ್ಲ ಗ್ರೀಸಿಗೆ ಹೋಗಿತ್ತು.

"ಇದು ಯಾವತ್ತಿನ ಬ್ರೇಕು?" ಇನ್‌ಸ್ಪೆಕ್ಟರ್ ಅನುಮಾನದಿಂದ ಕೇಳಿದರು.

"ಇವತ್ತಿಂದೇ ಸಾರ್!"

ತುಳಿದು ನೋಡಿ ತೃಪ್ತರಾದರು. ಹೋಗುವಾಗ ಹಿಂಬಾಗಿಲಿನ ಚಿಲಕ ಅಲುಗಾಡಿಸಿ, "ಇದು ಸಡಿಲ ಇದೆ. ವಾರದೊಳಗೆ ಮಾಡಿಸ್ತೀರಾ?" ಎಂದರು.

"ಖಂಡಿತ ಮಾಡಿಸ್ತೀನಿ ಸಾರ್!"

ಅವರು ಮರಳಿನಿಂದ ಯಂತ್ರವನ್ನು ಎತ್ತಿಕೊಂಡರು, ವೈರನ್ನು ಚಿಲಕಕ್ಕೆ ಸಿಕ್ಕಿಸಿದರು, ಗುಂಡಿ ಒತ್ತಿದರು. ವಿಷಲ್ ಬರಲಿಲ್ಲ. ಚಿಲಕ ಜೋಲುತ್ತಲೇ ಇತ್ತು. ಎಲ್ಲರೂ ನನ್ನನ್ನೇ ನೋಡಿದರು. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ನಯಾಜ್ ಹೇಳಿಸಿಕೊಳ್ಳದೆಯೇ ಸ್ಪ್ಯಾನರ್ ತೆಗೆದ. ಚಿಲಕ ಬಿಗಿಯಾದ ಮೇಲೆಯೇ ನನಗೆ ಎಫ್‌ಸಿ ಸಿಕ್ಕಿದ್ದು.

ಇನ್‌ಸ್ಪೆಕ್ಟರ್ ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು, "ಮುಂದಿನವ್ರು ಬನ್ನಿ!" ಎಂದು ಸಾಲಿನತ್ತ ನಡೆದರು. ಅಷ್ಟೊತ್ತೂ ನಮ್ಮ ತಮಾಷೆ ನೋಡುತ್ತಿದ್ದ ಆಟೋ, ಟೆಂಪೋ, ಬಸ್ಸುಗಳೆಲ್ಲ ಒಟ್ಟಿಗೇ ರಿವರ್ಸ್ ಹಾಕಿದವು! ಕ್ಷಣದಲ್ಲಿ ಮೈದಾನ ಖಾಲಿ. ಒಂದು ಲಾರಿ ಮಾತ್ರ ನಿಂತಲ್ಲೇ ನಿಂತಿತ್ತು. ಇಂಥ ಪ್ರಾಮಾಣಿಕರೂ ಇದ್ದಾರಲ್ಲ ಎಂದು ಇನ್‌ಸ್ಪೆಕ್ಟರ್ ಓಡಿಹೋಗಿ ಡ್ರೈವರನ ಕೈಕುಲುಕಿದರು.

ಅದಕ್ಕೆ ರಿವರ್ಸ್ ಗೇರ್ ಬೀಳುತ್ತಿರಲಿಲ್ಲವಂತೆ.