ಬೇರೆ ಕೈ ಬಿದ್ದ ಕಾರು

ದರ್ಜಿಯ ಕಾರು ಎಡಕ್ಕೆ ತಿರುಗುವಾಗ ನರಳುತ್ತಿತ್ತು. ಬಲಕ್ಕೆ ತಿರುಗುವಾಗ ಸುಮ್ಮನಿರುತ್ತಿತ್ತು. ಹಾಗಾಗಿ ಒಂದು ವಾರ ಅವನು ಬಲಕ್ಕೇ ತಿರುಗಿಕೊಂಡು, ಊರೆಲ್ಲ ಸುತ್ತಿ ಗಿರಾಕಿಗಳ ಮನೆಗೆ ಬಟ್ಟೆ ತಲುಪಿಸಿದ. ಇವತ್ತು ಬೆಳಿಗ್ಗೆ ಅದು ಎರಡೂ ಕಡೆಗೆ ನರಳಿತು. ವಾರಂಟಿ ಇವತ್ತಿಗೇ ಮುಗಿಯುತ್ತಿತ್ತು.

ಸ್ಟೀರಿಂಗ್ ಪೆಟ್ಟಿಗೆ ಬದಲಾಯಿಸಲೇಬೇಕು. ವಾರಂಟಿಯಲ್ಲಾದರೆ ಬಿಟ್ಟಿ. ಇಲ್ಲದಿದ್ದರೆ ಮುಂದಿನ ಕೋಣೆಯ ಅಂಗಡಿಯಲ್ಲಿರುವ ಎರಡು ಹೊಲಿಗೆ ಮಷೀನುಗಳಲ್ಲಿ ಒಂದನ್ನು ಮಾರಬೇಕು. ಒಂದರ ಮೇಲೆ ಅವನು ಹೊಲಿಯುತ್ತಾನೆ, ಇನ್ನೊಂದರ ಮೇಲೆ ಹೆಂಡತಿ.

"ಸರ್ವೀಸ್ ಸೆಂಟರಿಗೆ ತಗೊಂಡು ಹೋಗಿ, ಅಷ್ಟೇ ತಾನೇ?" ಅಂದಳು ಹೆಂಡತಿ.

"ಈ ಅವತಾರದಲ್ಲಾ? ಕಾರು ಕುಳ್ಳಗಾಗಿದೆ, ಕಾಣಲ್ವಾ?"

ಅದು ಭಾಮೈದನ ಕೃಪೆ. ಹೊಸ ಕಾರು ನೋಡಲು ಬಂದವನು, "ಭಾವ, ಇದು ಪ್ಯಾಂಟು ಎತ್ತಿ ಹಿಡ್ಕೊಂಡು ನೀರಲ್ಲಿ ನಡೆಯೋರ ಥರ ಇದೆ. ಸ್ವಲ್ಪ ಇಳಿಸೋಣ" ಅಂದಿದ್ದ. ದರ್ಜಿಯ ಮರ್ಮಕ್ಕೇ ತಾಗುವ ಮಾತು. ಕಂಪನಿಯ ನಾಲ್ಕು ಸ್ಪ್ರಿಂಗು ಬಿಚ್ಚಿಸಿ ಗಿಡ್ಡ ಸ್ಪ್ರಿಂಗು ಹಾಕಿಸಿದ. ಅಂದಿನಿಂದ ಕಾರು ನೆಲಕ್ಕೆ ಎಷ್ಟು ಹತ್ತಿರವಾಯಿತೆಂದರೆ, ಇರುವೆ ಅಡ್ಡ ಬಂದರೂ ಹಾರ್ನ್ ಹೊಡೆಯಬೇಕಾಯಿತು.

ಇವನ ಅಂಗಡಿಯಲ್ಲಿ ಒಂದು ಬೋರ್ಡಿತ್ತು: "ಬೇರೆಯವರ ಕೈ ಬಿದ್ದ ಬಟ್ಟೆಗೆ ನಾವು ಜವಾಬ್ದಾರರಲ್ಲ." ಇವನು ಹೊಲಿದ ಅಂಗಿಗೆ ಬೇರೆ ಯಾರಾದರೂ ಒಂದು ಗುಂಡಿ ಹಚ್ಚಿದ್ದರೂ ಸಾಕು, ತೋಳು ಕಿತ್ತು ಕೈಗೆ ಬಂದರೂ ಇವನು ಮುಟ್ಟುತ್ತಿರಲಿಲ್ಲ. ಲೋಕವೆಲ್ಲ ತನ್ನಂತೆಯೇ ಎಂದು ನಂಬಿದ್ದ.

"ನಾನು ಗುಂಡೀನೇ ಬಿಡಲ್ಲ, ಅವರು ಸ್ಪ್ರಿಂಗು ಬಿಡ್ತಾರಾ? ಹಳೇವನ್ನ ವಾಪಸ್ ಹಾಕಿಸ್ಕೊಂಡೇ ಹೋಗ್ಬೇಕು."

"ರೀ, ಆ ಹಳೇ ಸ್ಪ್ರಿಂಗಿನ ವಿಷಯಕ್ಕೇ ಅವರು ಒಂದಿನ ಫೋನು..."

"ಆಮೇಲೆ ಹೇಳೇ! ಈಗ ಅವೆಲ್ಲಿವೆ ಹೇಳು."

ಮೆಟ್ಟಿಲ ಕೆಳಗೆ ಬಿದ್ದ ವಸ್ತು ನಾಲ್ಕು ದಿನದಲ್ಲಿ ಊರಿನ ಸ್ವತ್ತಾಗುತ್ತದೆ. ಒಂದು ಸ್ಪ್ರಿಂಗು ಹೆಂಡತಿಯ ಬಾಲ್ಕನಿಯಲ್ಲಿ ಹಸಿರು ಬಣ್ಣ ಬಳಿಸಿಕೊಂಡು ಹೂವಿನ ಕುಂಡ ಹೊತ್ತಿತ್ತು. ಬಳ್ಳಿ ಅದರ ಸುರುಳಿಯೊಳಗೆ ಹೊಕ್ಕು ಹೊರಬಂದು ಸಂಸಾರ ಹೂಡಿತ್ತು. ದರ್ಜಿ ಕತ್ತರಿ ತಂದ. ಹೆಂಡತಿ ಮುಖ ತಿರುಗಿಸಿದಳು.

ಎರಡನೆಯದು ಮಹಡಿಯ ನಿವೃತ್ತ ಮೇಷ್ಟ್ರ ಬಾಗಿಲಲ್ಲಿ ಕೊಡೆಗಳನ್ನು ಹಿಡಿದು ನಿಂತಿತ್ತು. ವಿಷಯ ಕೇಳಿದ ಮೇಷ್ಟ್ರು ಅಂದರು:

"ತಗೊಂಡು ಹೋಗಯ್ಯ. ಆದ್ರೆ ಹೊಳೆಯೋ ಸ್ಪ್ರಿಂಗು ಹಾಕ್ಬೇಡ, ಕೆಸರು ಹಚ್ಚು. ಏನು ಕೇಳಿದ್ರೂ ಗೊತ್ತಿಲ್ಲ ಅನ್ನು. ನನ್ನ ಕ್ಲಾಸಲ್ಲಿ ಹಾಗಂದೋರೇ ಈಗ ದೊಡ್ಡ ದೊಡ್ಡ ಹುದ್ದೇಲಿರೋದು."

ಮೂರನೆಯದು ಕೆಳಮನೆ ಅಜ್ಜಿಯ ಬಾಗಿಲಿಗೆ ಒತ್ತಾಗಿತ್ತು, ಅಜ್ಜಿಯ ಬೆಕ್ಕು ಅದಕ್ಕೆ ಮೈ ಉಜ್ಜುತ್ತಿತ್ತು.

"ತೆಗೆದ್ರೆ ಬಾಗಿಲು ಬಡ್ಕೊಳ್ಳುತ್ತಪ್ಪಾ. ಅಷ್ಟೇ ಭಾರದ್ದು ಏನಾದ್ರೂ ಇಟ್ಟು ಹೋಗು."

ದರ್ಜಿ ತನ್ನ ಇಸ್ತ್ರಿಪೆಟ್ಟಿಗೆ ತಂದಿಟ್ಟ.

ನಾಲ್ಕನೆಯದನ್ನು ಭಾಮೈದ ದಿನಾ ಬೆಳಿಗ್ಗೆ ಎತ್ತಿ ಇಳಿಸಿ ತೋಳು ಬೆಳೆಸುತ್ತಿದ್ದ. "ಭಾವ, ಬಲಗೈ ಮುಗೀತು, ಎಡಗೈ ಬಾಕಿ. ಒಂದ್ನಿಮಿಷ ಇರಿ" ಎಂದು ಇವನನ್ನು ನಿಲ್ಲಿಸಿಕೊಂಡೇ ಲೆಕ್ಕ ಮುಗಿಸಿದ. ಕೊನೆಗೆ ತಾನೂ ಕಾರು ಹತ್ತಿದ.

ಬೀದಿಯ ಕೊನೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನಾಲ್ಕನ್ನೂ ಸಾಲಾಗಿಟ್ಟು ನೋಡಿದ. "ಒಂದು ಹಸಿರು, ಒಂದು ತುಕ್ಕು, ಒಂದಕ್ಕೆ ಬೆಕ್ಕಿನ ಕೂದಲು. ಇದೇನ್ ಸಾರ್, ಕಾರಿಗೋ ಮದುವೆ ಮೆರವಣಿಗೆಗೋ?"

ಹಸಿರು ಕೆರೆಯುವುದರಲ್ಲಿ ಮಧ್ಯಾಹ್ನ ಕಳೆಯಿತು. ಕೆಸರು ಹಚ್ಚುವ ಕೆಲಸ ಭಾಮೈದನಿಗೆ ಬಿತ್ತು. ಅವನು ಸ್ಪ್ರಿಂಗಿಗೆ ಹಚ್ಚಿದ್ದಕ್ಕಿಂತ ಹೆಚ್ಚು ಭಾವನ ಅಂಗಿಗೆ ಹಚ್ಚಿದ. ದರ್ಜಿ ಮಾತ್ರ ಕಾರಿನಡಿ ಬಗ್ಗಿ ಬಗ್ಗಿ ನೋಡುತ್ತಿದ್ದ. ಬಿಚ್ಚಿ ಹೊಲಿದ ಬಟ್ಟೆಯಲ್ಲಿ ಹಳೆಯ ಸೂಜಿತೂತು ಉಳಿಯುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಷ್ಟರಲ್ಲಿ ಹೆಂಡತಿಯ ಫೋನು. "ರೀ, ಒಂದು ಮಾತು ಕೇಳಿ. ಅವತ್ತು ಅವರು ಹೇಳಿದ್ದು..."

"ಇಡೇ ಫೋನು, ಅಲ್ಲಿ ಸೆಂಟರಿನ ಬಾಗಿಲು ಹಾಕೋ ಹೊತ್ತಾಯ್ತು!"

ಕಾರು ಮತ್ತೆ ಎತ್ತರವಾಗಿ ಎದೆ ಸೆಟೆಸಿಕೊಂಡು ಹೊರಟಿತು. ಸರ್ವೀಸ್ ಸೆಂಟರಿನ ಗೇಟಿನ ಉಬ್ಬು ದಾಟುವಾಗ ಕೆಳಗೆಲ್ಲೋ 'ಟಣ್' ಅಂತು.

"ಏನೋ ಅದು?"

"ಎತ್ತರ ಆದ ಖುಷಿ ಭಾವ."

ಒಳಗೆ ಒಬ್ಬಳು ಹುಡುಗಿ ಕಾರನ್ನು ಮೇಲೆತ್ತಿಸಿ, ಟಾರ್ಚು ಹಿಡಿದು ಅಡಿಯಲ್ಲಿ ಬಹಳ ಹೊತ್ತು ನೋಡಿದಳು. ದರ್ಜಿ ತಡೆಯಲಾರದೆ, "ನೋಡಮ್ಮ, ಕಂಪನಿ ಕೊಟ್ಟಂಗೇ ಇದೆ. ಒಂದು ಕೈ ಬಿದ್ದಿಲ್ಲ" ಅಂದ.

"ಅದೇ ಆಶ್ಚರ್ಯ ಸಾರ್. ಈ ಸ್ಪ್ರಿಂಗು ನಿಮ್ಮ ಕಾರಲ್ಲಿ ಇರಬಾರ್ದಿತ್ತಲ್ಲ."

"ಹ್ಞಾಂ?"

"ಆ ಸಲ ಬಂದ ಸ್ಪ್ರಿಂಗುಗಳ ಉಕ್ಕೇ ಸರಿ ಇರ್ಲಿಲ್ಲ, ಮುರೀತವೆ. ಕಾರು ತಗೊಂಡೋರಿಗೆಲ್ಲ ಫೋನ್ ಮಾಡಿ, ಬನ್ನಿ, ಬದಲಾಯಿಸ್ತೀವಿ ಅಂದ್ವಿ. ನಿಮ್ಮನೇಲಿ ಫೋನ್ ಮೇಡಮ್ಮು ತಗೊಂಡ್ರು. 'ಅವನ್ನ ಆಗ್ಲೇ ಬಿಚ್ಚಿಸಿ ಗಿಡ್ಡದು ಹಾಕ್ಸಿದ್ದಾರೆ' ಅಂತ ಪಾಪ ಇದ್ದದ್ದು ಇದ್ದಂಗೆ ಹೇಳಿದ್ರು. ಒಳ್ಳೇದೇ ಆಯ್ತು, ಮತ್ತೆ ಮಾತ್ರ ಹಾಕಿಸ್ಬೇಡಿ ಅಂತ ನಾನೇ ಹೇಳಿದ್ದೆ."

ದರ್ಜಿ ಹುಡುಗಿಯ ಹತ್ತಿರ ಸರಿದ. "ಹಾಗಾದ್ರೆ ಗಿಡ್ಡ ಸ್ಪ್ರಿಂಗಲ್ಲೇ ಬಂದಿದ್ರೆ... ವಾರಂಟಿ?"

"ಅದರಿಂದ ಕೆಟ್ಟದ್ದಕ್ಕೆ ಮಾತ್ರ ಕೊಡಲ್ಲ ಸಾರ್. ನಿಮ್ಮ ಕಾರಿನ ಸ್ಟೀರಿಂಗ್ ನರಳೋದು ನಮ್ಮದೇ ತಪ್ಪು, ಸುಮಾರು ಕಾರಲ್ಲಿ ಬಂದಿದೆ. ಬಿಟ್ಟಿ ಬದಲಾಯಿಸ್ತಿದ್ವಿ."

"ಬದಲಾಯಿಸ್ತಿದ್ವಿ ಅಂದ್ರೆ?"

ಹುಡುಗಿ ಟಾರ್ಚು ತೋರಿಸಿದಳು. ಮುಂದಿನ ಸ್ಪ್ರಿಂಗು ಎರಡು ತುಂಡಾಗಿತ್ತು. ಒಂದು ತುಂಡು ಸ್ಟೀರಿಂಗ್ ಪೆಟ್ಟಿಗೆಯನ್ನು ಹೊಕ್ಕು ಹೊರಬಂದಿತ್ತು, ಬಾಲ್ಕನಿಯ ಬಳ್ಳಿಯ ಹಾಗೆ. ಸುರುಳಿಯ ಸಂದಿಯಲ್ಲಿ ಇನ್ನೂ ಒಂಚೂರು ಹಸಿರಿತ್ತು.

"ಹಾಕಿಸ್ಬೇಡಿ ಅಂದಮೇಲೂ ಹಾಕ್ಸಿ ಆದದ್ದು ಇದು. ಇದಕ್ಕೆ ವಾರಂಟಿ ಬರಲ್ಲ ಸಾರ್. ಬೇಜಾರು ಮಾಡ್ಕೋಬೇಡಿ."

ಅದೇ ದನಿಯಲ್ಲಿ, ಅದೇ ಮಾತನ್ನು ದರ್ಜಿ ಎಷ್ಟು ಗಿರಾಕಿಗಳಿಗೆ ಹೇಳಿರಲಿಲ್ಲ!

"ಭಾವ," ಅಂದ ಭಾಮೈದ, "ಆ ಮುರಿದ ತುಂಡು ಕೊಡ್ತಾರಾ ಕೇಳಿ. ಎಡಗೈಗಾಗುತ್ತೆ."

ಕಾರನ್ನು ಅಲ್ಲೇ ಬಿಟ್ಟು ನಡೆದೇ ಬಂದರು. ಮೆಟ್ಟಿಲಲ್ಲಿ ಮೇಷ್ಟ್ರು, "ಗೊತ್ತಿಲ್ಲ ಅಂದ್ಯಾ?" ಎಂದು ಕೇಳಿದರು. "ನಿಜವಾಗ್ಲೂ ಗೊತ್ತಿರ್ಲಿಲ್ಲ ಮೇಷ್ಟ್ರೇ" ಅಂದ ಇವನು. ಕೆಳಮನೆ ಅಜ್ಜಿ ಇಸ್ತ್ರಿಪೆಟ್ಟಿಗೆ ಕೊಡಲೊಪ್ಪಲಿಲ್ಲ. ಅದು ಸ್ಪ್ರಿಂಗಿಗಿಂತ ಗಟ್ಟಿಯಾಗಿ ಕೂರುತ್ತದಂತೆ.

ಒಳಗೆ ಹೆಂಡತಿ ತನ್ನ ಮಷೀನಿನ ಮುಂದೆ ಕೂತಿದ್ದಳು. ಹೊಲಿಯುತ್ತಿರಲಿಲ್ಲ. ಎಣ್ಣೆಬಟ್ಟೆ ಹಿಡಿದು ಚಕ್ರ, ಪೆಡಲು, ಸೂಜಿಯ ಬುಡ ಎಲ್ಲ ಒರೆಸುತ್ತಿದ್ದಳು, ಕೊಳ್ಳುವವರು ಬಂದು ನೋಡುತ್ತಾರೆನ್ನುವ ಹಾಗೆ.

"ಎಲ್ಲಾ ನಿಂಗೆ ಗೊತ್ತಿತ್ತು," ಅಂದ ದರ್ಜಿ, ಬಾಗಿಲಲ್ಲೇ ನಿಂತು. "ಯಾಕೆ ಹೇಳ್ಲಿಲ್ಲ?"

ಅವಳು ತಲೆ ಎತ್ತದೆ ಒರೆಸುತ್ತಲೇ ಇದ್ದಳು. ಆಮೇಲೆ ಕೇಳಿದಳು:

"ಯಾವುದು ಮಾರೋದು? ನಿಮ್ದೋ, ನಂದೋ?"

"ನೀನೇ ಹೇಳು."

"ಹೇಳಿದ್ರೆ ಈಗ ಕೇಳಿಸುತ್ತಾ?"